ದಾನಿಗೂ ಗೊತ್ತಿರಲ್ಲ, ವೈದ್ಯರಿಗೂ ಹೊಳೆಯಲ್ಲ: ರಕ್ತದ ಚೀಲದಲ್ಲಿ ಬರುವ ಉಣುಗಿನ ಕಾಯಿಲೆ

ಅಮೆರಿಕದಲ್ಲಿ ರಕ್ತ ಕೊಡಲು ಹೋದವರ ಕೈಗೆ ಮೊದಲು ಒಂದು ಉದ್ದನೆಯ ಪ್ರಶ್ನೆಪಟ್ಟಿ ಬರುತ್ತದೆ. ಯಾವ ದೇಶಕ್ಕೆ ಹೋಗಿದ್ರಿ, ಯಾವ ಮಾತ್ರೆ ನುಂಗ್ತಿದ್ದೀರಿ, ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದೀರಾ ಅಂತೆಲ್ಲ. ಆ ಪಟ್ಟಿಯಲ್ಲಿ ಎಷ್ಟೋ ವರ್ಷ ಇನ್ನೊಂದು ಪ್ರಶ್ನೆಯೂ ಇತ್ತು: ನಿಮಗೆ ಯಾವತ್ತಾದರೂ ಬಬೇಸಿಯೋಸಿಸ್ ಬಂದಿತ್ತಾ? ಹೆಚ್ಚಿನವರು ಆ ಹೆಸರನ್ನೇ ಕೇಳಿರುತ್ತಿರಲಿಲ್ಲ. 'ಇಲ್ಲ' ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೆಲವರ ಮೈಯಲ್ಲಿ ಆ ರೋಗದ ಪರಾವಲಂಬಿ ಇದ್ದರೂ ಅದು ಅವರಿಗೆ ಗೊತ್ತೇ ಇರಲಿಲ್ಲ. ಜ್ವರ ಇಲ್ಲ, ಸುಸ್ತಿಲ್ಲ, ಹಿಮೋಗ್ಲೋಬಿನ್ ಸರಿಯಾಗಿದೆ, ಬಿಪಿ ಸರಿಯಾಗಿದೆ. ರಕ್ತ ಕೊಟ್ಟು, ಜ್ಯೂಸ್ ಕುಡಿದು, ಒಳ್ಳೆ ಕೆಲಸ ಮಾಡಿದೆ ಅನ್ನೋ ಸಮಾಧಾನದಲ್ಲಿ ಮನೆಗೆ ಹೋಗುತ್ತಿದ್ದರು. ಆ ಚೀಲ ಆಸ್ಪತ್ರೆಯಲ್ಲಿ ಮಲಗಿದ್ದ ಇನ್ನೊಬ್ಬರ ಮೈಗೆ ಸೇರುತ್ತಿತ್ತು.

ಉಣುಗಿನಿಂದ ಬರುವ ಕಾಯಿಲೆಗಳು ಹತ್ತಾರು ಇವೆ. ಅವುಗಳಲ್ಲಿ ರಕ್ತದಾನದ ಮೂಲಕ ಅತಿ ಹೆಚ್ಚು ಜನರಿಗೆ ಹರಡಿದ್ದು ಇದೇ ಬಬೇಸಿಯೋಸಿಸ್. ಅಮೆರಿಕದ ಈಶಾನ್ಯ ಮತ್ತು ಉತ್ತರ ಭಾಗದ ರಾಜ್ಯಗಳಲ್ಲಿ ಇದು ಬೇರು ಬಿಟ್ಟಿದೆ. ನ್ಯೂಜೆರ್ಸಿ, ನ್ಯೂಯಾರ್ಕ್, ಕನೆಕ್ಟಿಕಟ್, ಬಾಸ್ಟನ್ ಸುತ್ತಮುತ್ತ ನಮ್ಮವರ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ಬೇಸಿಗೆ ಬಂತು ಅಂದರೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ಸಂಜೆ ಹೊತ್ತು ಪಾರ್ಕಿನಲ್ಲಿ, ಹುಲ್ಲಿನಲ್ಲಿ ಓಡಾಡುತ್ತಾರೆ. ಉಣುಗು ಜಾಸ್ತಿ ಕಚ್ಚುವ ಕಾಲವೂ ಅದೇ. ಹಾಗಾಗಿ ಈ ವಿಷಯ ನಮಗೆ ಅಷ್ಟೇನೂ ದೂರದ್ದಲ್ಲ.

ಬಬೇಸಿಯಾ ಅನ್ನೋದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಮಲೇರಿಯಾದ ಹಾಗೆ ಕೆಂಪು ರಕ್ತಕಣದ ಒಳಗೆ ಹೊಕ್ಕು ಬೆಳೆಯುವ ಒಂದು ಪರಾವಲಂಬಿ. ರುಮೇನಿಯಾದ ವಿಜ್ಞಾನಿ ವಿಕ್ಟರ್ ಬಾಬೆಶ್ 1888ರಲ್ಲಿ ದನಗಳ ರಕ್ತದಲ್ಲಿ ಇದನ್ನು ಗುರುತಿಸಿದರು, ಹೆಸರು ಬಂದಿದ್ದು ಅವರಿಂದ. ಇದೇ ಪರಾವಲಂಬಿಯಿಂದ ಬಂದು ಅಮೆರಿಕದಲ್ಲಿ ದನಗಳನ್ನು ರಾಶಿ ರಾಶಿಯಾಗಿ ಕೊಲ್ಲುತ್ತಿದ್ದ 'ಟೆಕ್ಸಾಸ್ ಜ್ವರ'ವನ್ನು ಹರಡುವುದು ಉಣುಗು ಅಂತ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು. ಮಲೇರಿಯಾಕ್ಕೆ ಸೊಳ್ಳೆ ಕಾರಣ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಳ್ಳುವುದಕ್ಕೂ ಮೊದಲಿನ ಮಾತಿದು. ಮನುಷ್ಯರಲ್ಲಿ ಮೊದಲು ವರದಿಯಾಗಿದ್ದು 1957ರಲ್ಲಿ, ಆಗಿನ ಯುಗೊಸ್ಲಾವಿಯಾದಲ್ಲಿ. ಗುಲ್ಮ, ಅಂದರೆ ಹೊಟ್ಟೆಯ ಎಡಭಾಗದಲ್ಲಿರುವ ಸ್ಪ್ಲೀನ್, ತೆಗೆಸಿಕೊಂಡಿದ್ದ ಒಬ್ಬ ರೈತನಿಗೆ ಬಂದಿತ್ತು. ಅದೇ 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಅದರ ವಿಚಾರ ಆಮೇಲೆ ಹೇಳುತ್ತೇನೆ.

ಗುಲ್ಮ ಇಲ್ಲದವರಿಗೆ ಮಾತ್ರ ಬರುವ ಅಪರೂಪದ ಕಾಯಿಲೆ ಅಂತ ಎಲ್ಲರೂ ಅಂದುಕೊಂಡಿದ್ದರು. 1969ರಲ್ಲಿ ಮ್ಯಾಸಚೂಸೆಟ್ಸ್‌ನ ನಾಂಟಕೆಟ್ ದ್ವೀಪದಲ್ಲಿ ಗುಲ್ಮ ಚೆನ್ನಾಗಿಯೇ ಇದ್ದ ವ್ಯಕ್ತಿಗೂ ಬಂತು. ಅಲ್ಲಿಂದ ಚಿತ್ರ ಬದಲಾಯಿತು. ಅಲ್ಲಿಯದು ಬಬೇಸಿಯಾ ಮೈಕ್ರೋಟಿ ಅನ್ನೋ ಜಾತಿ. ಬಿಳಿಗಾಲಿನ ಇಲಿಯ ರಕ್ತದಲ್ಲಿ ಇರುತ್ತದೆ. ಜಿಂಕೆ ಉಣುಗು ಅಂತ ಅಲ್ಲಿಯವರು ಕರೆಯುವ ಒಂದು ಉಣುಗು ಮರಿಯಾಗಿದ್ದಾಗ ಆ ಇಲಿಯ ರಕ್ತ ಹೀರಿ ಪರಾವಲಂಬಿಯನ್ನು ಹೊತ್ತುಕೊಳ್ಳುತ್ತದೆ. ಬೆಳೆದ ಉಣುಗಿಗೆ ಜಿಂಕೆ ಬೇಕು. ಕಾಡು ಮತ್ತೆ ಬೆಳೆದು, ಜಿಂಕೆ ಹೆಚ್ಚಾಗಿ, ಮನೆಗಳು ಕಾಡಿನ ಅಂಚಿಗೇ ಬಂದ ಊರುಗಳಲ್ಲಿ ಉಣುಗೂ ಹೆಚ್ಚಾಯಿತು.

ಮನುಷ್ಯರಿಗೆ ಜಾಸ್ತಿ ರೋಗ ಹತ್ತಿಸೋದು ದೊಡ್ಡ ಉಣುಗಲ್ಲ, ಇನ್ನೂ ಪೂರ್ತಿ ಬೆಳೆಯದ ಎಳೆಯದು. ಗಾತ್ರದಲ್ಲಿ ಒಂದು ಗಸಗಸೆ ಕಾಳಿನಷ್ಟು. ಕಚ್ಚಿದರೆ ನೋಯಲ್ಲ, ತುರಿಸಲ್ಲ. ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲ ಬುಡದಲ್ಲಿ ಅಂಟಿಕೊಂಡು ದಿನಗಟ್ಟಲೆ ರಕ್ತ ಹೀರಿ, ಹೊಟ್ಟೆ ತುಂಬಿದ ಮೇಲೆ ತಾನೇ ಬಿದ್ದು ಹೋಗುತ್ತದೆ. ಪರಾವಲಂಬಿ ನಮ್ಮ ಮೈಗೆ ಇಳಿಯಲು ಸಾಮಾನ್ಯವಾಗಿ ಅದು ಒಂದೂವರೆ ದಿನವಾದರೂ ಕಚ್ಚಿಕೊಂಡಿರಬೇಕು. ಅಷ್ಟು ಹೊತ್ತು ಇದ್ದರೂ ಎಷ್ಟೋ ಜನಕ್ಕೆ ಕಚ್ಚಿದ ನೆನಪೇ ಇರೋದಿಲ್ಲ. 'ಉಣುಗು ಕಚ್ಚಿತ್ತಾ?' ಅಂತ ದಾನಿಯನ್ನು ಕೇಳಿ ಪ್ರಯೋಜನವಿಲ್ಲ ಅನ್ನೋದು ಇದಕ್ಕೇ. ಕಚ್ಚಿದ್ದು ಗೊತ್ತಿರುವವರಲ್ಲಿ ಹೆಚ್ಚಿನವರಿಗೆ ಸೋಂಕು ಇರಲ್ಲ, ಸೋಂಕು ಇರುವವರಲ್ಲಿ ಹೆಚ್ಚಿನವರಿಗೆ ಕಚ್ಚಿದ್ದು ಗೊತ್ತಿರಲ್ಲ.

ಸೋಂಕು ಬಂದರೂ ಆರೋಗ್ಯವಾಗಿರುವ, ಮಧ್ಯವಯಸ್ಸಿನ ಒಳಗಿನ ಜನರಲ್ಲಿ ಬಹಳಷ್ಟು ಮಂದಿಗೆ ಏನೂ ಆಗಲ್ಲ. ಕೆಲವರಿಗೆ ಎರಡು ದಿನ ಮೈಕೈ ನೋವು, ಸುಮ್ನೆ ಫ್ಲೂ ಇರಬೇಕು ಅಂತ ಬಿಟ್ಟುಬಿಡುತ್ತಾರೆ. ಆದರೆ ಪರಾವಲಂಬಿ ರಕ್ತದಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಕ್ಕೂ ಮೇಲೆ ಉಳಿಯಬಹುದು. ಜೂನ್‌ನಲ್ಲಿ ಕಚ್ಚಿಸಿಕೊಂಡವರು ಜನವರಿಯ ಹಿಮದಲ್ಲಿ ಬಂದು ರಕ್ತ ಕೊಟ್ಟರೂ ಅಪಾಯ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಮಾತ್ರ ಎಚ್ಚರ ವಹಿಸಿದರೆ ಸಾಕಾಗಲ್ಲ ಅನ್ನೋದು ಹೀಗೆ.

ಈಗ ರಕ್ತದ ಚೀಲದ ಕಡೆಗೆ ಬರೋಣ. ದಾನಿಯಿಂದ ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡುತ್ತಾರೆ. ಕೆಂಪು ಕಣದ ಚೀಲವನ್ನು 1ರಿಂದ 6 ಡಿಗ್ರಿ ತಂಪಿನಲ್ಲಿ 42 ದಿನದವರೆಗೆ ಇಡಬಹುದು. ಸಿಫಿಲಿಸ್‌ನ ಬ್ಯಾಕ್ಟೀರಿಯಾ ಈ ತಂಪಿನಲ್ಲಿ ಕೆಲವೇ ದಿನಕ್ಕೆ ಸಾಯುತ್ತದೆ. ಬಬೇಸಿಯಾ ಸಾಯಲ್ಲ. ಅದು ಇರೋದೇ ಕೆಂಪು ಕಣದ ಒಳಗೆ, ಆ ಕಣವನ್ನು ಜೀವಂತವಾಗಿ ಇಡಲು ನಾವು ಏನೇನು ಮಾಡುತ್ತೇವೋ ಅದೆಲ್ಲ ಒಳಗಿರುವ ಪರಾವಲಂಬಿಯನ್ನೂ ಕಾಪಾಡುತ್ತದೆ. ಐದು ವಾರ ಫ್ರಿಜ್‌ನಲ್ಲಿದ್ದ ಚೀಲದಿಂದಲೂ ಸೋಂಕು ಹರಡಿದ್ದು ದಾಖಲಾಗಿದೆ. ಬಿಳಿ ರಕ್ತಕಣಗಳನ್ನು ಸೋಸಿ ತೆಗೆಯುವ ಫಿಲ್ಟರ್ ಈಗ ಹಲವು ಕಡೆ ಬಳಕೆಯಲ್ಲಿದೆ, ಬಬೇಸಿಯಾ ವಿಷಯದಲ್ಲಿ ಅದರಿಂದ ಉಪಯೋಗವಿಲ್ಲ. ಬಿಳಿ ಕಣ ಹೋಗುತ್ತದೆ, ಪರಾವಲಂಬಿ ಕೆಂಪು ಕಣದ ಜೊತೆಗೇ ಉಳಿಯುತ್ತದೆ. ಕೆಲವು ಸಲ ಪ್ಲೇಟ್‌ಲೆಟ್ ಚೀಲದಿಂದಲೂ ಹರಡಿದೆ. ಇಡೀ ರಕ್ತದಿಂದ ಬೇರೆ ಮಾಡಿದ ಪ್ಲೇಟ್‌ಲೆಟ್‌ನಲ್ಲಿ ಒಂದಿಷ್ಟು ಕೆಂಪು ಕಣ ಉಳಿದುಬಿಡುತ್ತದಲ್ಲ, ಅಷ್ಟೇ ಸಾಕು.

ಇದೆಲ್ಲದರಲ್ಲಿ ನನಗೆ ಹೆಚ್ಚು ಸಂಕಟ ತರುವುದು ರಕ್ತ ಪಡೆಯುವವರ ಸ್ಥಿತಿ. ಉಣುಗು ಸಿಕ್ಕಿದವರನ್ನು ಕಚ್ಚುತ್ತದೆ, ಗಟ್ಟಿಮುಟ್ಟಾದವರಿಗೂ ಕಚ್ಚುತ್ತದೆ. ಆದರೆ ರಕ್ತದ ಚೀಲ ಹೋಗುವುದೇ ಅತ್ಯಂತ ನಿತ್ರಾಣವಾದವರ ಹತ್ತಿರಕ್ಕೆ. ದಿನ ತುಂಬದೆ ಹುಟ್ಟಿದ ಮಕ್ಕಳು. ಹೃದಯದ ಆಪರೇಷನ್ ಆದ ಎಪ್ಪತ್ತು ವರ್ಷದವರು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಗನಿರೋಧಕ ಶಕ್ತಿ ಕುಸಿದವರು. ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಥಲಸ್ಸೀಮಿಯಾ ಇರುವ ಮಕ್ಕಳಿಗಂತೂ ಎರಡು, ಮೂರು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು, ಅಂದರೆ ಪ್ರತಿ ಸಲವೂ ಹೊಸ ದಾನಿ, ಪ್ರತಿ ಸಲವೂ ಹೊಸ ಅಪಾಯ. ಅವರಲ್ಲಿ ಕೆಲವರಿಗೆ ಗುಲ್ಮವನ್ನೂ ತೆಗೆದಿರುತ್ತಾರೆ. ಪರಾವಲಂಬಿ ಹೊಕ್ಕ ಕೆಂಪು ಕಣಗಳನ್ನು ಹಿಡಿದು ನಾಶ ಮಾಡುವ ಮುಖ್ಯ ಅಂಗವೇ ಗುಲ್ಮ, ಅದಿಲ್ಲದಿದ್ದರೆ ಪರಾವಲಂಬಿಗೆ ತಡೆಯೇ ಇರಲ್ಲ. ನವಜಾತ ಶಿಶುಗಳಿಗೆ ಬೇಕಾಗುವ ರಕ್ತ ಸ್ವಲ್ಪವೇ ಆದ್ದರಿಂದ ಒಬ್ಬ ದಾನಿಯ ರಕ್ತವನ್ನು ಪುಟ್ಟ ಪುಟ್ಟ ಚೀಲಗಳಾಗಿ ಹಂಚುತ್ತಾರೆ. ಒಳ್ಳೆಯ ಉದ್ದೇಶಕ್ಕೇ ಹೀಗೆ ಮಾಡೋದು, ಮಗುವಿಗೆ ಹತ್ತಾರು ದಾನಿಗಳ ರಕ್ತ ಹೋಗದಿರಲಿ ಅಂತ. ಆದರೆ ಆ ಒಬ್ಬ ದಾನಿಯಲ್ಲೇ ಬಬೇಸಿಯಾ ಇದ್ದರೆ ಒಂದೇ ವಾರ್ಡಿನ ಹಲವು ಮಕ್ಕಳಿಗೆ ಒಟ್ಟಿಗೇ ಸೋಂಕು. ಹಾಗೆ ಆಗಿದ್ದೂ ಇದೆ.

ರೋಗ ತಲೆ ಎತ್ತುವಾಗ ರಕ್ತ ಹಾಕಿಸಿಕೊಂಡ ವಿಷಯ ಹಳೆಯದಾಗಿರುತ್ತದೆ. ಉಣುಗು ಕಚ್ಚಿದರೆ ಒಂದರಿಂದ ನಾಲ್ಕು ವಾರದಲ್ಲಿ ಲಕ್ಷಣ ಕಾಣುತ್ತದೆ. ರಕ್ತದಿಂದ ಬಂದರೆ ಸಾಮಾನ್ಯವಾಗಿ ಒಂದರಿಂದ ಒಂಬತ್ತು ವಾರ, ಕೆಲವರಲ್ಲಿ ಆರು ತಿಂಗಳವರೆಗೂ ಹೋಗಿದೆ. ಅಷ್ಟರಲ್ಲಿ ರೋಗಿ ಆಪರೇಷನ್ ಮುಗಿಸಿ ಮನೆಗೆ ಹೋಗಿರುತ್ತಾರೆ. ಚಳಿ, ಜ್ವರ, ಬೆವರು, ವಿಪರೀತ ಸುಸ್ತು, ಮೂತ್ರ ಕಡುಬಣ್ಣ, ಕಣ್ಣು ಹಳದಿ. ಕೆಂಪು ಕಣಗಳು ಒಡೆದು ಹಿಮೋಗ್ಲೋಬಿನ್ ಇಳಿಯುತ್ತಾ ಹೋಗುತ್ತದೆ. ಹಿಮೋಗ್ಲೋಬಿನ್ ಇಳೀತು ಅಂತ ಮತ್ತೆ ರಕ್ತ ಹಾಕುತ್ತಾರೆ, ಅದೂ ಒಡೆಯುತ್ತದೆ. ಆಪರೇಷನ್ ಗಾಯದ ಸೋಂಕಿರಬಹುದು ಅಂತ ಆ್ಯಂಟಿಬಯಾಟಿಕ್ ಬದಲಾಯಿಸುತ್ತಾ ಕೂತರೆ ಅಮೂಲ್ಯವಾದ ದಿನಗಳು ಕೈಜಾರುತ್ತವೆ.

ಕಂಡುಹಿಡಿಯೋದು ಕಷ್ಟವೇನಲ್ಲ, ಹೊಳೆಯಬೇಕು ಅಷ್ಟೇ. ಒಂದು ತೊಟ್ಟು ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ಸವರಿ, ಜೀಮ್ಸಾ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ತಿಳಿಗೆಂಪು ಕಣಗಳ ಒಳಗೆ ನೇರಳೆ ಚುಕ್ಕೆ ಇರುವ ಸಣ್ಣ ಸಣ್ಣ ಉಂಗುರ ಕಾಣುತ್ತದೆ. ನಮ್ಮೂರಿನ ಲ್ಯಾಬಿನವರು ನೋಡಿದರೆ ತಕ್ಷಣ 'ಮಲೇರಿಯಾ, ಫಾಲ್ಸಿಪ್ಯಾರಮ್' ಅನ್ನಬಹುದು, ಅಷ್ಟು ಹೋಲಿಕೆ. ಆದರೆ ಮಲೇರಿಯಾದ ಪರಾವಲಂಬಿ ಬೆಳೆಯುತ್ತಾ ಬಿಡುವ ಕಂದು ಬಣ್ಣದ ಕಣಗಳು ಇಲ್ಲಿರಲ್ಲ. ಹುಡುಕುತ್ತಾ ಹೋದರೆ ಯಾವುದೋ ಒಂದು ರಕ್ತಕಣದಲ್ಲಿ ನಾಲ್ಕು ಪುಟ್ಟ ತುಣುಕುಗಳು ಶಿಲುಬೆಯ ಆಕಾರದಲ್ಲಿ ಜೋಡಿಕೊಂಡಿರುವುದು ಕಾಣಬಹುದು. ಅಪರೂಪಕ್ಕೆ ಸಿಗುತ್ತದೆ, ಸಿಕ್ಕರೆ ಮತ್ತೆ ಅನುಮಾನ ಬೇಡ. ಅಟೊವಾಕ್ವೋನ್ ಮತ್ತು ಅಜಿತ್ರೊಮೈಸಿನ್ ಜೊತೆಯಾಗಿ ಕೊಡುತ್ತಾರೆ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕೆಂಪು ಕಣಗಳಲ್ಲಿ ಪರಾವಲಂಬಿ ತುಂಬಿದ್ದರೆ ರೋಗಿಯ ರಕ್ತವನ್ನು ಹೊರಗೆ ತೆಗೆಯುತ್ತಾ ಬೇರೆ ರಕ್ತ ಹಾಕುವ ಚಿಕಿತ್ಸೆಯ ಯೋಚನೆ ಮಾಡುತ್ತಾರೆ. ಬಬೇಸಿಯೋಸಿಸ್ ಇರೋದು ಒಂದು ಪ್ರದೇಶದಲ್ಲಿ, ರಕ್ತದ ಚೀಲ ಮತ್ತು ದಾನಿ ಇಬ್ಬರೂ ಓಡಾಡುವುದು ದೇಶದ ತುಂಬ. ಹಾಗಾಗಿ ಈ ಕಾಯಿಲೆಯನ್ನೇ ಕಂಡಿರದ ಊರಿನ ವೈದ್ಯರ ಮುಂದೆ ರೋಗಿ ಬಂದು ಕೂತಾಗ ಹೊಳೆಯೋದು ತಡವಾಗುತ್ತದೆ.

ರಕ್ತದಿಂದ ಬಬೇಸಿಯಾ ಹರಡಿದ ಪ್ರಕರಣಗಳು ಅಮೆರಿಕದಲ್ಲಿ ಕಾಣಿಸಿಕೊಂಡಿದ್ದು 1979ರಿಂದ. ಅಲ್ಲಿಂದ 2009ರವರೆಗಿನ ಲೆಕ್ಕವನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ತಜ್ಞರು ಒಟ್ಟು ಹಾಕಿದಾಗ 162 ಪ್ರಕರಣ ಸಿಕ್ಕವು, ಅದರಲ್ಲಿ 159 ಬಬೇಸಿಯಾ ಮೈಕ್ರೋಟಿಯದ್ದು. ನಾಲ್ಕರಲ್ಲಿ ಮೂರು ಪಾಲು 2000ದಿಂದ ಈಚೆಗಿನವು. ಸೋಂಕು ತಗುಲಿದವರಲ್ಲಿ ಸತ್ತವರ ಪ್ರಮಾಣ ಸರಿಸುಮಾರು ಆರರಲ್ಲಿ ಒಬ್ಬರು. ಎಲ್ಲ ಸಾವಿಗೂ ಇದೇ ಕಾರಣ ಅನ್ನಲಾಗದು, ಅವರೆಲ್ಲ ಮೊದಲೇ ಬೇರೆ ಕಾಯಿಲೆಯಿಂದ ನರಳುತ್ತಿದ್ದವರು. ಹಾಗಿದ್ದರೂ ಮೂವತ್ತು ವರ್ಷದ ಈ ಪಟ್ಟಿಯ ಹಿಂದೆ ಗುರುತೇ ಸಿಗದೆ ಹೋದ ಪ್ರಕರಣಗಳು ಇನ್ನೂ ಇದ್ದೇ ಇರುತ್ತವೆ, ಅಲ್ವಾ? ಇಷ್ಟಾದರೂ ದಾನಿಗಳ ರಕ್ತವನ್ನು ಇದಕ್ಕಾಗಿ ಪರೀಕ್ಷಿಸಲು ಅಲ್ಲಿಯವರೆಗೆ ಪರವಾನಗಿ ಪಡೆದ ಒಂದು ಪರೀಕ್ಷೆಯೂ ಇರಲಿಲ್ಲ. ಕೆಲವೇ ರಾಜ್ಯಗಳ ಕಾಯಿಲೆಗೆ ದೇಶದ ಮಟ್ಟದಲ್ಲಿ ಖರ್ಚು ಮಾಡಬೇಕಾ ಅನ್ನೋ ಚರ್ಚೆ ಎಳೆದಾಡಿತು. ಖರ್ಚಿನ ಪ್ರಶ್ನೆ ನ್ಯಾಯವಾದದ್ದೇ, ಆದರೆ ದಾನಿಗೆ ಕೊಡುವ ಪಟ್ಟಿಯ ಒಂದು ಪ್ರಶ್ನೆಯನ್ನೇ ನೆಚ್ಚಿಕೊಂಡು ದಶಕಗಳನ್ನು ಕಳೆದದ್ದು ದೊಡ್ಡ ತಪ್ಪು ಅಂತಲೇ ನನ್ನ ಅನಿಸಿಕೆ.

ಪರೀಕ್ಷೆ ಮಾಡೋದು ಅಂದುಕೊಂಡಷ್ಟು ಸುಲಭವೂ ಅಲ್ಲ. ಎಚ್‌ಐವಿ, ಹೆಪಟೈಟಿಸ್‌ಗೆ ಪ್ಲಾಸ್ಮಾ ತೆಗೆದುಕೊಂಡು ವೈರಸ್ಸಿನ ಅನುವಂಶಿಕ ವಸ್ತು ಹುಡುಕುತ್ತಾರೆ. ಬಬೇಸಿಯಾ ಪ್ಲಾಸ್ಮಾದಲ್ಲಿ ಸಿಗಲ್ಲ, ಕೆಂಪು ಕಣವನ್ನೇ ಒಡೆದು ಹುಡುಕಬೇಕು. ಇನ್ನೊಂದು ದಾರಿ ಪ್ರತಿಕಾಯ ನೋಡುವುದು, ಅಂದರೆ ದಾನಿಯ ದೇಹ ಈ ಪರಾವಲಂಬಿಯ ವಿರುದ್ಧ ತಯಾರಿಸಿದ ಆ್ಯಂಟಿಬಾಡಿಯನ್ನು ಪತ್ತೆ ಹಚ್ಚುವುದು. ಎರಡಕ್ಕೂ ಒಂದೊಂದು ಕೊರತೆ ಇದೆ. ಸೋಂಕು ಹೊಸದಾಗಿದ್ದರೆ ಪ್ರತಿಕಾಯ ಇನ್ನೂ ಹುಟ್ಟಿರಲ್ಲ, ಪರೀಕ್ಷೆ 'ಇಲ್ಲ' ಅನ್ನುತ್ತದೆ, ಚೀಲದಲ್ಲಿ ಪರಾವಲಂಬಿ ಇರುತ್ತದೆ. ಸೋಂಕು ಹೋಗಿ ಕಾಲವಾಗಿದ್ದರೆ ಪ್ರತಿಕಾಯ ಮಾತ್ರ ಉಳಿದಿರುತ್ತದೆ, ಆಗ ಪರೀಕ್ಷೆ 'ಇದೆ' ಅನ್ನುತ್ತದೆ, ಒಳ್ಳೆಯ ರಕ್ತ ಸುಮ್ಮನೆ ಹಾಳಾಗುತ್ತದೆ. ಅನುವಂಶಿಕ ವಸ್ತು ಹುಡುಕುವ ಪರೀಕ್ಷೆಯಾದರೆ, ಪರಾವಲಂಬಿಗಳು ತೀರಾ ಕಡಿಮೆ ಇದ್ದಾಗ ತಪ್ಪಿಸಿಕೊಳ್ಳುವ ಸಾಧ್ಯತೆ ಇದೆ.

ಎಷ್ಟು ಪ್ರಯೋಜನ ಅನ್ನೋದು ಲೆಕ್ಕ ಸಮೇತ ಗೊತ್ತಾಗಿದ್ದು ಅಮೆರಿಕನ್ ರೆಡ್ ಕ್ರಾಸ್ 2012ರಿಂದ 2014ರವರೆಗೆ ನಡೆಸಿದ ಅಧ್ಯಯನದಲ್ಲಿ. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮಿನ್ನೆಸೋಟ, ವಿಸ್ಕಾನ್ಸಿನ್ ರಾಜ್ಯಗಳ 89,153 ರಕ್ತದ ಸ್ಯಾಂಪಲ್‌ಗಳನ್ನು ಎರಡೂ ಬಗೆಯಲ್ಲಿ ಪರೀಕ್ಷಿಸಿದರು. 335ರಲ್ಲಿ ಗುರುತು ಸಿಕ್ಕಿತು. ಅದರಲ್ಲಿ ಪರಾವಲಂಬಿಯ ಡಿಎನ್‌ಎ ಇದ್ದದ್ದು 67ರಲ್ಲಿ ಮಾತ್ರ, ಉಳಿದವು ಬಹುಪಾಲು ಹಳೆಯ ಸೋಂಕಿನ ಗುರುತು. ಒಂಬತ್ತು ಸ್ಯಾಂಪಲ್‌ಗಳಲ್ಲಿ ಡಿಎನ್‌ಎ ಇತ್ತು, ಪ್ರತಿಕಾಯ ಇರಲಿಲ್ಲ. ಪ್ರತಿಕಾಯ ಒಂದನ್ನೇ ನಂಬಿದ್ದರೆ ಈ ಒಂಬತ್ತೂ ರೋಗಿಗಳ ಮೈ ಸೇರುತ್ತಿದ್ದವು. ಮುಖ್ಯವಾದ ಅಂಕಿ ಇದು: ಕನೆಕ್ಟಿಕಟ್ ಮತ್ತು ಮ್ಯಾಸಚೂಸೆಟ್ಸ್‌ನಲ್ಲಿ ಪರೀಕ್ಷಿಸಿ ಕೊಟ್ಟ ರಕ್ತದಿಂದ ಒಬ್ಬರಿಗೂ ಸೋಂಕು ಬರಲಿಲ್ಲ. ಅದೇ ಅವಧಿಯಲ್ಲಿ ಪರೀಕ್ಷಿಸದ ರಕ್ತದಿಂದ 14 ಪ್ರಕರಣ, ಸುಮಾರು 18,000 ಚೀಲಕ್ಕೆ ಒಂದರಂತೆ.

2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಪರೀಕ್ಷೆಗಳಿಗೆ ಒಪ್ಪಿಗೆ ಕೊಟ್ಟಿತು. 2019ರ ಮೇ ತಿಂಗಳಲ್ಲಿ 14 ರಾಜ್ಯಗಳಲ್ಲಿ ಮತ್ತು ವಾಷಿಂಗ್ಟನ್ ಡಿಸಿಯಲ್ಲಿ ಸಂಗ್ರಹಿಸುವ ಪ್ರತಿ ದಾನವನ್ನೂ ವರ್ಷವಿಡೀ ಪರೀಕ್ಷಿಸಿ ಅಂತ ಮಾರ್ಗಸೂಚಿ ಹೊರಡಿಸಿತು. ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ವರ್ಜೀನಿಯಾ, ಮೇರಿಲ್ಯಾಂಡ್ ಎಲ್ಲ ಆ ಪಟ್ಟಿಯಲ್ಲಿವೆ. ಪ್ರತಿಕಾಯ ಬಿಟ್ಟು, ಅನುವಂಶಿಕ ವಸ್ತು ಹುಡುಕುವ ಪರೀಕ್ಷೆಯನ್ನೇ ಆರಿಸಿಕೊಂಡರು. ಪರಾವಲಂಬಿಯ ಒಂದೊಂದು ಕೋಶದಲ್ಲೂ ರೈಬೋಸೋಮ್ ಆರ್‌ಎನ್‌ಎ ಅನ್ನೋ ಅನುವಂಶಿಕ ವಸ್ತುವಿನ ಸಾವಿರಾರು ಪ್ರತಿ ಇರುತ್ತವೆ, ಅದನ್ನು ಗುರಿಯಾಗಿಸಿದರೆ ತೀರಾ ಕಡಿಮೆ ಇದ್ದರೂ ಸಿಕ್ಕಿಬೀಳುತ್ತದೆ. ಮೊದಲು ಒಮ್ಮೆ ಬಬೇಸಿಯೋಸಿಸ್ ಬಂದವರು ಜೀವನಪೂರ್ತಿ ರಕ್ತ ಕೊಡುವ ಹಾಗಿರಲಿಲ್ಲ. ಈಗ ಕನಿಷ್ಠ ಎರಡು ವರ್ಷ ಕಾದು, ಮತ್ತೆ ಪರೀಕ್ಷೆಯಲ್ಲಿ 'ಇಲ್ಲ' ಅಂತ ಬಂದರೆ ಕೊಡಬಹುದು.

ಆದರೂ ಸಂದು ಪೂರ್ತಿ ಮುಚ್ಚಿಲ್ಲ. ಫ್ಲೋರಿಡಾದಲ್ಲಿರುವವರು ಬೇಸಿಗೆಯನ್ನು ನಾಂಟಕೆಟ್‌ನಲ್ಲಿ ಕಳೆದು, ವಾಪಸ್ ಹೋಗಿ ಊರಲ್ಲೇ ರಕ್ತ ಕೊಟ್ಟರೆ ಆ ಚೀಲ ಈ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಉಣುಗಿಗೆ ರಾಜ್ಯದ ಗಡಿ ಗೊತ್ತಿಲ್ಲ, ಅದು ವರ್ಷದಿಂದ ವರ್ಷಕ್ಕೆ ಹರಡುತ್ತಿದೆ. ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ನಲ್ಲಿರುವ ರೋಗಾಣುಗಳನ್ನು ರಾಸಾಯನಿಕ ಮತ್ತು ಬೆಳಕಿನಿಂದ ನಿಷ್ಕ್ರಿಯ ಮಾಡುವ ವಿಧಾನ ಇದೆ, ಬಬೇಸಿಯಾ ವಾಸವಿರುವ ಕೆಂಪು ಕಣಕ್ಕೆ ಮಾತ್ರ ಆ ಅನುಕೂಲ ಮಾರ್ಗಸೂಚಿ ಬಂದಾಗ ಇರಲಿಲ್ಲ.

ಉಳಿದ ಉಣುಗಿನ ಕಾಯಿಲೆಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಲ್ಲರಿಗೂ ಗೊತ್ತಿರುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಲ್ಯಾಬಿನಲ್ಲಿ ಶೇಖರಿಸಿದ ರಕ್ತದಲ್ಲಿ ಬದುಕಿದ್ದನ್ನು ನೋಡಿದ್ದಾರೆ, ಆದರೆ ರಕ್ತದ ಮೂಲಕ ಒಬ್ಬರಿಂದ ಒಬ್ಬರಿಗೆ ಬಂದ ಒಂದು ಪ್ರಕರಣವೂ ಸಾಬೀತಾಗಿಲ್ಲ. ಅನಾಪ್ಲಾಸ್ಮಾ ಬಿಳಿ ಕಣದೊಳಗೆ ಇರುವ ಬ್ಯಾಕ್ಟೀರಿಯಾ, ಫಿಲ್ಟರ್ ಹಾಕಿದರೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗಲ್ಲ. ಮಿನ್ನೆಸೋಟದಲ್ಲಿ 2007ರಲ್ಲಿ ಹೀಗೆ ಹರಡಿದ್ದು ಖಚಿತವಾಗಿದೆ. ಅದರ ಬಳಗದ ಎರ್ಲಿಕಿಯಾ 2011ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದ ಬಾಲಕನಿಗೆ ಪ್ಲೇಟ್‌ಲೆಟ್ ಮೂಲಕ ಬಂದಿತ್ತು, ಆ ಪ್ಲೇಟ್‌ಲೆಟ್ ಫಿಲ್ಟರ್ ಆಗಿದ್ದರೂ. ಮೆದುಳಿಗೆ ಹೋಗುವ ಪೊವಾಸಾನ್ ವೈರಸ್ ಕಿಡ್ನಿ ಕಸಿ ಮಾಡಿಸಿಕೊಂಡ ಒಬ್ಬರಿಗೆ ರಕ್ತದಿಂದ ತಗುಲಿದೆ. ಇವೆಲ್ಲ ಬೆರಳೆಣಿಕೆಯ ಪ್ರಕರಣಗಳು.

ನಮ್ಮ ಮಂಗನ ಕಾಯಿಲೆಯ ವಿಷಯ ಬೇರೆ. ಅದೂ ಉಣುಗಿನದ್ದೇ, ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋದವರಿಗೆ ಬರುವುದು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆದ ಸಾವುಗಳನ್ನು ಯಾರೂ ಮರೆತಿಲ್ಲ. ಆದರೆ ಅದು ವೈರಸ್. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವಿನಿಂದ ಆಳು ಮಲಗಿಬಿಡುತ್ತಾನೆ. ವೈರಸ್ ರಕ್ತದಲ್ಲಿ ಹೆಚ್ಚಿರುವುದು ಆ ಜ್ವರದ ದಿನಗಳಲ್ಲೇ. ಆ ಸ್ಥಿತಿಯಲ್ಲಿ ಯಾರೂ ರಕ್ತದಾನ ಶಿಬಿರಕ್ಕೆ ಹೋಗಲ್ಲ, ಹೋದರೂ ಜ್ವರ ಇರುವವರಿಂದ ತೆಗೆದುಕೊಳ್ಳಲ್ಲ. ಬಬೇಸಿಯಾದ ಹಾಗೆ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂರುವ ಸ್ವಭಾವ ಅದರದ್ದಲ್ಲ. ಭಾರತದಲ್ಲಿ ಪ್ರತಿ ಚೀಲಕ್ಕೂ ಕಡ್ಡಾಯ ಇರುವ ಐದು ಪರೀಕ್ಷೆಗಳು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಉಣುಗಿನ ಕಾಯಿಲೆ ಯಾವುದೂ ಅದರಲ್ಲಿಲ್ಲ. ಹಾಗಾಗಿ ಕಾಡಿನಂಚಿನ ಊರುಗಳಲ್ಲಿ ಉಣುಗಿನ ಕಾಲದಲ್ಲಿ ರಕ್ತ ಕೊಟ್ಟವರಿಗೆ ಒಂದು ವಾರದೊಳಗೆ ಜ್ವರ ಬಂದರೆ ರಕ್ತನಿಧಿಗೆ ತಕ್ಷಣ ಫೋನ್ ಮಾಡಬೇಕು. ಚೀಲ ಇನ್ನೂ ಫ್ರಿಜ್‌ನಲ್ಲೇ ಇದ್ದರೆ ತೆಗೆದಿಡುತ್ತಾರೆ, ಯಾರಿಗಾದರೂ ಹಾಕಿದ್ದರೆ ಅವರ ಮೇಲೆ ಕಣ್ಣಿಡುತ್ತಾರೆ.

ಇದನ್ನು ಓದಿ ರಕ್ತ ಹಾಕಿಸಿಕೊಳ್ಳಲು ಹೆದರಬೇಡಿ, ದಯವಿಟ್ಟು. ರಕ್ತ ಬೇಕಾದಾಗ ಸಿಗದಿದ್ದರೆ ಆಗುವ ಅಪಾಯದ ಮುಂದೆ ಇದು ತೀರಾ ಸಣ್ಣದು. ರಕ್ತ ಕೊಡುವುದನ್ನೂ ಬಿಡಬೇಡಿ. ಅಮೆರಿಕದ ಆ ರಾಜ್ಯಗಳಲ್ಲಿದ್ದು, ಈ ಸೋಂಕು ಬಂದಿತ್ತು ಅಂತ ವೈದ್ಯರು ಹೇಳಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಗುಲ್ಮ ತೆಗೆಸಿಕೊಂಡ ಅಥವಾ ಕೀಮೋ ಆಗಿರುವ ಹಿರಿಯರು ಮನೆಯಲ್ಲಿದ್ದರೆ ತೋಟದಿಂದ ಬಂದ ದಿನವೇ ಸ್ನಾನ ಮಾಡಿಸಿ, ಮಂಡಿಯ ಹಿಂದೆ, ಕಿವಿಯ ಹಿಂದೆ, ತಲೆಯಲ್ಲಿ ನೋಡಿ. ಉಣುಗು ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ.

ರಕ್ತ ಹಾಕಿಸಿಕೊಂಡ ಆರು ತಿಂಗಳೊಳಗೆ ಕಾರಣ ಗೊತ್ತಾಗದ ಜ್ವರ ಬಂದರೆ, ಹಿಮೋಗ್ಲೋಬಿನ್ ಇಳಿಯುತ್ತಿದ್ದರೆ, ವೈದ್ಯರು ಕೇಳುವ ತನಕ ಕಾಯಬೇಡಿ. ಇಂಥ ತಿಂಗಳಲ್ಲಿ, ಇಂಥ ಊರಿನಲ್ಲಿ ರಕ್ತ ಹಾಕಿದ್ದರು ಅಂತ ನೀವೇ ಹೇಳಿ, ಒಂದು ಸ್ಲೈಡ್ ನೋಡಿಸಿ ಅಂತ ಕೇಳಿ. ಅಮೆರಿಕದಲ್ಲಿ ಆಪರೇಷನ್ ಮಾಡಿಸಿಕೊಂಡು ಬೆಂಗಳೂರಿಗೋ ಮೈಸೂರಿಗೋ ಮರಳಿ ಬಂದ ಮೇಲೆ ಜ್ವರ ಬಂತು, ಸ್ಲೈಡಿನಲ್ಲಿ ಮಲೇರಿಯಾದ ಥರ ಉಂಗುರ ಕಾಣ್ತಿದೆ, ಮಲೇರಿಯಾದ ರ‍್ಯಾಪಿಡ್ ಟೆಸ್ಟ್ ಮಾತ್ರ ನೆಗೆಟಿವ್ ಬರ್ತಿದೆ ಅಂದರೆ, ಬಬೇಸಿಯಾ ಇರಬಹುದಾ ಅಂತ ಹೆಸರು ಹಿಡಿದೇ ಕೇಳಿ. ಡಿಸ್‌ಚಾರ್ಜ್ ಸಾರಾಂಶದಲ್ಲಿ ರಕ್ತ ಹಾಕಿದ ದಿನಾಂಕ ಮತ್ತು ಚೀಲದ ಸಂಖ್ಯೆ ಬರೆಸಿ ಇಟ್ಟುಕೊಂಡಿದ್ದರೆ, ಅದೇ ದಾನಿಯ ರಕ್ತ ಇನ್ಯಾರಿಗೆ ಹೋಗಿದೆ ಅಂತ ರಕ್ತನಿಧಿಯವರು ಅದರಿಂದಲೇ ಪತ್ತೆ ಮಾಡಬಲ್ಲರು.